ಬೆಳ್ಳೂರು ಕ್ರಾಸ್‌ನಲ್ಲಿ ನಿಂತ ಪೋಲೊ, ‘ನಂದೇ ತಪ್ಪು’ ಅಂದ ಮೆಕ್ಯಾನಿಕ್

ಹೋದ ವಾರ ಸೆಕೆಂಡ್ ಹ್ಯಾಂಡ್ ಕಾರ್ ಬಗ್ಗೆ ಮಾತಾಡಿದ್ಮೇಲೆ ನಿಮ್ಮಲ್ಲಿ ತುಂಬಾ ಜನ ಕೇಳಿದ್ದು ಒಂದೇ ಪ್ರಶ್ನೆ. ‘ಅಕ್ಕಾ, ಹಳೇ ಜರ್ಮನ್ ಕಾರ್ ಕಮ್ಮಿ ರೇಟಿಗೆ ಸಿಗ್ತಿದೆ, ತಗೋಬಹುದಾ?’ ಅಂತ. ಕಾರ್ ತಗೊಳ್ಳೋದು ಸುಲಭ. ಅದನ್ನ ನೋಡ್ಕೊಳ್ಳೋ ಕೈ ಹುಡುಕೋದೇ ಕಷ್ಟ. ನಾನು ಹೇಗೆ ಹುಡುಕಿದೆ, ಮಧ್ಯದಲ್ಲಿ ಎಷ್ಟು ದಡ್ಡಿ ಆದೆ ಅನ್ನೋದನ್ನ ಇವತ್ತು ಹೇಳ್ತೀನಿ.

ನನ್ನದು 2014ರ ಪೋಲೊ ಜಿಟಿ ಟಿಎಸ್‌ಐ. 2021ರಲ್ಲಿ 4 ಲಕ್ಷ 60 ಸಾವಿರ ಕೊಟ್ಟು ತಗೊಂಡೆ. ಆಟೋಮ್ಯಾಟಿಕ್ಕೇ ಬೇಕಿತ್ತು, ಬೆಂಗಳೂರು ಟ್ರಾಫಿಕ್ ನಿಮಗೆ ಗೊತ್ತಲ್ಲ. ಅದಕ್ಕಿಂತ ದೊಡ್ಡ ಕಾರಣ ಅಮ್ಮ. ಅವರು ಹಾಸನದಲ್ಲಿದ್ದಾರೆ. ಒಂದು ಮಂಡಿ ಆಪರೇಷನ್ ಆಗಿದೆ, ಇನ್ನೊಂದು ಆಗಬೇಕು. ಚೆಕಪ್‌ಗೆ ಬೆಂಗಳೂರಿಗೇ ಬರಬೇಕು. ಬಸ್ ಮೆಟ್ಟಿಲು ಹತ್ತೋಕೆ ಆಗಲ್ಲ. ಹಾಗಾಗಿ ಈ ಕಾರು ನನಗೆ ಶೋಕಿ ಅಲ್ಲ. ಸರಿ, ಸ್ವಲ್ಪ ಶೋಕಿನೂ ಹೌದು.

ಒಂದು ಭಾನುವಾರ ಅಮ್ಮನ್ನ ಕರ್ಕೊಂಡು ಹಾಸನದಿಂದ ಬರ್ತಿದ್ದೆ. ಬೆಳ್ಳೂರು ಕ್ರಾಸ್‌ನಲ್ಲಿ ಕಾಫಿಗೆ ನಿಲ್ಲಿಸಿದ್ವಿ. ಅರ್ಧ ಗಂಟೆ ಬಿಟ್ಟು ಸ್ಟಾರ್ಟ್ ಮಾಡಿದ್ರೆ ಎಂಜಿನ್ ಮುಕ್ಕರಿಸಿ ಮುಕ್ಕರಿಸಿ ಎದ್ದಿತು. ಮೀಟರ್‌ನಲ್ಲಿ ಗೇರಿನ ಅಕ್ಷರ ಪಟಪಟ ಮಿಟುಕೋಕೆ ಶುರುವಾಯ್ತು. ಡಿಗೆ ಹಾಕಿದ್ರೂ ಅಷ್ಟೇ, ಆರ್‌ಗೆ ಹಾಕಿದ್ರೂ ಅಷ್ಟೇ. ಗಾಡಿ ಒಂದಿಂಚೂ ಅಲುಗಲಿಲ್ಲ. ಕೊನೆಗೆ ಫ್ಲಾಟ್‌ಬೆಡ್ ಕರೆಸಿ, ಅಮ್ಮನ್ನ ಬಾಡಿಗೆ ಟ್ಯಾಕ್ಸಿಯಲ್ಲಿ ಕೂರಿಸಿ ಬೆಂಗಳೂರು ಸೇರಿದಾಗ ರಾತ್ರಿ ಹತ್ತೂವರೆ.

ಕಾರನ್ನ ಒಂದು ದೊಡ್ಡ ವರ್ಕ್‌ಶಾಪಿಗೆ ಬಿಟ್ಟೆ. ಹೆಸರು ಬೇಡ. ಗಾಜಿನ ಕ್ಯಾಬಿನ್, ಎಸಿ, ಕಾಫಿ ಮಷಿನ್ ಎಲ್ಲಾ ಇರೋ ಜಾಗ. ಮಾರನೇ ದಿನ ಫೋನ್ ಬಂತು. ‘ಮೇಡಂ, ಮೆಕಾಟ್ರಾನಿಕ್ ಹೋಗಿದೆ. 1 ಲಕ್ಷ 65 ಸಾವಿರ ಆಗುತ್ತೆ. ಇವತ್ತೇ ಓಕೆ ಅಂದ್ರೆ ಪಾರ್ಟ್ ಆರ್ಡರ್ ಹಾಕ್ತೀವಿ.’

ಮೆಕಾಟ್ರಾನಿಕ್ ಅಂದ್ರೆ ಏನು ಅಂತ ಎರಡು ಮಾತಲ್ಲಿ ಹೇಳಿಬಿಡ್ತೀನಿ. ಈ ಕಾರಲ್ಲಿರೋದು ಏಳು ಗೇರಿನ ಡಿಎಸ್‌ಜಿ ಗೇರ್‌ಬಾಕ್ಸ್. ಒಳಗೆ ಎರಡು ಕ್ಲಚ್. 1, 3, 5, 7ನೇ ಗೇರಿಗೆ ಒಂದು, 2, 4, 6 ಮತ್ತು ರಿವರ್ಸ್‌ಗೆ ಇನ್ನೊಂದು. ನೀವು ಮೂರರಲ್ಲಿ ಹೋಗ್ತಿರುವಾಗಲೇ ಅದು ನಾಲ್ಕನ್ನ ರೆಡಿ ಮಾಡಿ ಇಟ್ಕೊಂಡಿರುತ್ತೆ. ಯಾವ ಕ್ಲಚ್ ಯಾವಾಗ ಹಿಡೀಬೇಕು, ಯಾವಾಗ ಬಿಡಬೇಕು ಅಂತ ನಿರ್ಧಾರ ಮಾಡಿ, ಆಯಿಲ್ ಪ್ರೆಷರ್‌ನಿಂದ ಆ ಕೆಲಸ ಮಾಡಿಸೋ ಪೆಟ್ಟಿಗೆಯೇ ಮೆಕಾಟ್ರಾನಿಕ್. ಅರ್ಧ ಕಂಪ್ಯೂಟರ್, ಅರ್ಧ ಹೈಡ್ರಾಲಿಕ್. ಹಾಳಾದ್ರೆ ನಿಜವಾಗ್ಲೂ ದುಬಾರಿ.

ಇಲ್ಲೇ ನಾನು ಯಾಮಾರಿದ್ದು. ರಾತ್ರಿಯೆಲ್ಲ ಕೂತು ಗೂಗಲ್ ಮಾಡಿದೆ. 2013ರ ನವೆಂಬರ್‌ನಲ್ಲಿ ಕಂಪನಿಯೇ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರುಗಳಲ್ಲಿ ಈ ಏಳು ಗೇರಿನ ಬಾಕ್ಸ್‌ನ ಸಿಂಥೆಟಿಕ್ ಆಯಿಲ್ ತೆಗೆದು ಮಿನರಲ್ ಆಯಿಲ್ ಹಾಕಿಕೊಡ್ತೀವಿ ಅಂದಿತ್ತು. ಬಿಸಿಲು, ಸೆಖೆ ಜಾಸ್ತಿ ಇರೋ ಕಡೆ ಹಳೇ ಆಯಿಲ್‌ನಿಂದ ಎಲೆಕ್ಟ್ರಿಕಲ್ ತೊಂದರೆ ಬರಬಹುದು ಅನ್ನೋ ಕಾರಣಕ್ಕೆ. ಓದ್ತಾ ಓದ್ತಾ ವರ್ಕ್‌ಶಾಪ್‌ನವರು ಹೇಳಿದ್ದು ಸತ್ಯ ಅನ್ನಿಸಿಬಿಡ್ತು. ಒಂದು ಕಾಯಿಲೆಗೆ ಹೆಸರಿದೆ ಅಂದ ತಕ್ಷಣ ಅದು ನಮಗೇ ಬಂದಿದೆ ಅನ್ಸುತ್ತಲ್ಲ, ಹಾಗೆ. ನನ್ನ ಕಾರಿಗೆ ಅದೇ ಆಗಿದೆಯಾ ಅಂತ ಯಾರಾದ್ರೂ ಟೆಸ್ಟ್ ಮಾಡಿ ತೋರಿಸಿದ್ರಾ? ಇಲ್ಲ. ಸ್ಕ್ಯಾನ್ ರಿಪೋರ್ಟ್ ಕೇಳಿದೆ. ‘ಅದೆಲ್ಲ ಸಿಸ್ಟಮ್‌ನಲ್ಲಿ ಇರುತ್ತೆ ಮೇಡಂ, ಕಸ್ಟಮರ್‌ಗೆ ಕೊಡಲ್ಲ’ ಅಂದ್ರು. ಅವರು ಕಾರ್ ಸ್ಟಾರ್ಟ್ ಮಾಡಿದ್ದೇ ಬೇರೆ ಬ್ಯಾಟರಿಯಿಂದ ಜಂಪ್ ಕೊಟ್ಟು ಅಂತ ಆಮೇಲೆ ಗೊತ್ತಾಯ್ತು.

ಆ 1 ಲಕ್ಷ 65 ಸಾವಿರ ನನ್ನ ಹತ್ರ ಇತ್ತು. ಎಲ್ಲಿತ್ತು ಅಂದ್ರೆ, ಅಮ್ಮನ ಇನ್ನೊಂದು ಮಂಡಿಗೆ ಅಂತ ಎತ್ತಿಟ್ಟ ದುಡ್ಡಲ್ಲಿ. ಅಮ್ಮನಿಗೆ ಹೇಳಿದ್ರೆ, ‘ಮಾರಿಬಿಡೇ ಅತ್ಲಾಗೆ, ನಾನು ಹೇಗೋ ಬಸ್ಸಲ್ಲಿ ಬರ್ತೀನಿ’ ಅಂದ್ರು. ಹೇಗೋ ಅಂದ್ರೆ ಹೇಗೆ ಅಂತ ನನಗೆ ಗೊತ್ತಿತ್ತು.

ಇನ್ನೊಂದು ಗ್ಯಾರೇಜಿಗೆ ಫೋನ್ ಮಾಡಿದೆ. ನಾನು ಹೇಳೋದನ್ನ ಪೂರ್ತಿ ಕೇಳದೇ ‘ಯಜಮಾನ್ರಿಗೆ ಫೋನ್ ಕೊಡಿ ಮೇಡಂ’ ಅಂದ. ಕಾರಿಗೆ ನಾನೇ ಯಜಮಾನ್ತಿ ಅಂದೆ. ಆಮೇಲೆ, ‘ಗೇರ್‌ಬಾಕ್ಸ್ ಇಳಿಸಿ ನೋಡೋಣ, 25 ಸಾವಿರ ಅಡ್ವಾನ್ಸ್ ಹಾಕಿ’ ಅಂದ. ನೋಡೋದಕ್ಕೇ 25 ಸಾವಿರ! ಕಾರನ್ನ ಮನೆಗೆ ತರಿಸಿ ಮಾರೋದೇ ಸರಿ ಅಂತ ಅದೇ ಫ್ಲಾಟ್‌ಬೆಡ್ ಡ್ರೈವರ್‌ನ ಮತ್ತೆ ಕರೆದೆ.

ಚೈನ್ ಬಿಗೀತಾ ಅವರೇ ಕೇಳಿದ್ರು, ‘ಎಷ್ಟು ಹೇಳಿದ್ರು ಮೇಡಂ?’ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮಾಗಡಿ ರೋಡ್ ಕಡೆ ಒಬ್ರಿದ್ದಾರೆ. ಅವರ ಶೆಡ್‌ನಿಂದ ನಾನು ಗಾಡಿ ಎತ್ತಿಲ್ಲ. ಬರೀ ಇಳ್ಸಿದ್ದೀನಿ’ ಅಂದ್ರು.

ಈ ಮಾತನ್ನ ಬರೆದಿಟ್ಕೊಳ್ಳಿ. ಯಾವ ಗ್ಯಾರೇಜಿನಿಂದ ಕಾರು ತನ್ನ ಕಾಲ ಮೇಲೆ ಹೊರಗೆ ಹೋಗುತ್ತೆ, ಯಾವುದರಿಂದ ಮತ್ತೆ ಲಾರಿ ಮೇಲೇ ಹೋಗುತ್ತೆ ಅಂತ ಟೋಯಿಂಗ್‌ನವರಿಗೆ ಗೊತ್ತಿರುತ್ತೆ. ಅವರ ಹಾಗೇ ಇನ್ನೊಬ್ಬರು ಜೆಸಿ ರೋಡ್‌ನ ಸ್ಪೇರ್ ಪಾರ್ಟ್ಸ್ ಅಂಗಡಿಯವರು. ‘ಈ ಕಾರಿಗೆ ಯಾವ ಗ್ಯಾರೇಜ್ ಒಳ್ಳೇದು’ ಅಂತ ಕೇಳಬೇಡಿ, ಗೊತ್ತಿದ್ದವರ ಹೆಸರೇ ಹೇಳ್ತಾರೆ. ‘ಪಾರ್ಟ್ ನಂಬರ್ ಹೇಳಿ ಫಿಲ್ಟರ್ ತಗೊಳ್ಳೋ ಮೆಕ್ಯಾನಿಕ್ ಯಾರಿದ್ದಾರೆ’ ಅಂತ ಕೇಳಿ. ‘ಯಾವುದಾದ್ರೂ ಆಗುತ್ತೆ ಕೊಡಿ’ ಅನ್ನೋರು ಯಾರು ಅನ್ನೋದೂ ಆ ಕೌಂಟರ್‌ಗೆ ಗೊತ್ತಿರುತ್ತೆ.

ಮಾಗಡಿ ರೋಡ್ ಶೆಡ್‌ಗೆ ಹೋದೆ. ತಗಡಿನ ಮಾಡು, ಎರಡು ಲಿಫ್ಟು, ಗೋಡೇಲಿ ಹಳೇ ಮೈಕೋ ಕ್ಯಾಲೆಂಡರ್. ಬಾಷ್ ಅಂತ ಹೆಸರು ಬದಲಾಗಿ ವರ್ಷಗಳೇ ಆದ್ರೂ ನಮ್ಮೂರಿನ ಹಳೇ ಮೆಕ್ಯಾನಿಕ್‌ಗಳಿಗೆ ಅದು ಇವತ್ತಿಗೂ ಮೈಕೋನೇ. 1951ರಲ್ಲಿ ಶುರುವಾದ ಕಂಪನಿ, ಆಡುಗೋಡಿ ಫ್ಯಾಕ್ಟರಿ. ಜರ್ಮನ್ ಪಾರ್ಟು ಬೆಂಗಳೂರಿಗೆ ಹೊಸದೇನಲ್ಲ ಬಿಡಿ.

ಅಲ್ಲಿದ್ದ ಅಣ್ಣನಿಗೆ ಐವತ್ತರ ಹತ್ತಿರ ವಯಸ್ಸು. ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ಸ್ವಂತ ಶೆಡ್ ಹಾಕಿದವರು. ಬಾನೆಟ್ ತೆಗೆಯೋಕೆ ಮುಂಚೆ ನನ್ನನ್ನೇ ಕೂರಿಸಿ ಕೇಳಿದ್ರು. ಓಡ್ತಾ ನಿಂತಿತಾ, ನಿಂತ ಮೇಲೆ ಎದ್ದಿಲ್ವಾ? ಸ್ಟಾರ್ಟ್ ಆಗುವಾಗ ಸದ್ದು ಹೇಗಿತ್ತು? ಬ್ಯಾಟರಿ ಯಾವಾಗ ಹಾಕ್ಸಿದ್ದು? ಬ್ಯಾಟರಿ ನಾನು ಹಾಕ್ಸೇ ಇರ್ಲಿಲ್ಲ, ಹಿಂದಿನ ಮಾಲೀಕರದ್ದೇ.

ಆಮೇಲೆ ಲ್ಯಾಪ್‌ಟಾಪ್ ಹಚ್ಚಿದ್ರು. ಗೇರ್‌ಬಾಕ್ಸ್ ಒಂದನ್ನೇ ಅಲ್ಲ, ಕಾರಿನ ಎಲ್ಲಾ ಕಂಟ್ರೋಲ್ ಯೂನಿಟ್ ಸ್ಕ್ಯಾನ್ ಮಾಡಿದ್ರು. ಸ್ಕ್ರೀನ್ ನನ್ನ ಕಡೆ ತಿರುಗಿಸಿದ್ರು. ಗೇರ್‌ಬಾಕ್ಸಲ್ಲಿ ಎರರ್, ಎಬಿಎಸ್‌ನಲ್ಲಿ ಎರರ್, ಸ್ಟಿಯರಿಂಗ್‌ನಲ್ಲಿ ಎರರ್. ಎಲ್ಲದರಲ್ಲೂ ಒಂದೇ ದೂರು, ವೋಲ್ಟೇಜ್ ಕಮ್ಮಿ ಅಂತ.

‘ಮನೇಲಿ ಎಲ್ರಿಗೂ ಒಂದೇ ದಿನ ಹೊಟ್ಟೆ ಕೆಟ್ರೆ, ಒಬ್ಬೊಬ್ರನ್ನೇ ಆಪರೇಷನ್ ಮಾಡ್ತಾರಾ ಮೇಡಂ? ಮೊದ್ಲು ಕುಡಿಯೋ ನೀರು ನೋಡ್ತಾರೆ’ ಅಂದ್ರು.

ಮಲ್ಟಿಮೀಟರ್ ಇಟ್ರು. ಸುಮ್ಮನಿದ್ದಾಗ 11.9 ವೋಲ್ಟ್. ಚೆನ್ನಾಗಿರೋ ಬ್ಯಾಟರಿ 12.6ರ ಹತ್ತಿರ ಇರಬೇಕು. ಸೆಲ್ಫ್ ಹೊಡೆದಾಗ 8ಕ್ಕಿಂತ ಕೆಳಗೆ ಬಿತ್ತು. ಆಮೇಲೆ ಅರ್ತಿಂಗ್ ಕೇಬಲ್ ಬಿಚ್ಚಿ ತೋರಿಸಿದ್ರು. ಬೋಲ್ಟ್ ಸುತ್ತ ಹಸಿರು, ಬಿಳಿ ಹುಪ್ಪಡಿ ಕಟ್ಟಿತ್ತು. ಹೊಸ ಬ್ಯಾಟರಿ, ಕೇಬಲ್ ಕ್ಲೀನಿಂಗ್, ಎರರ್ ಅಳಿಸಿ ಲ್ಯಾಪ್‌ಟಾಪ್ ಹಾಕ್ಕೊಂಡೇ ಒಂದು ರೌಂಡ್ ಟ್ರಯಲ್. ಬಿಲ್ಲು 9,200 ರೂಪಾಯಿ.

ನೀವು ‘ಸೂಪರ್, ಕಥೆ ಮುಗೀತು’ ಅಂದ್ಕೋಬಹುದು. ನನಗಿನ್ನೂ ನಂಬಿಕೆ ಬಂದಿರಲಿಲ್ಲ. ಅದೃಷ್ಟ ಚೆನ್ನಾಗಿತ್ತು ಅಷ್ಟೇ ಅಂದ್ಕೊಂಡೆ. ಅವರೂ ದೊಡ್ಡ ಮಾತಾಡಲಿಲ್ಲ. ‘ಮೆಕಾಟ್ರಾನಿಕ್ ಚೆನ್ನಾಗಿದೆ ಅಂತ ನಾನು ಬರೆದುಕೊಡಲ್ಲ ಮೇಡಂ. ಇವತ್ತಿನ ತೊಂದರೆ ಅದರದ್ದಲ್ಲ, ಅಷ್ಟೇ. ಒಂದಿನ ಹೋಗಬಹುದು. ತಿಂಗಳಿಗೆ ಸ್ವಲ್ಪ ಎತ್ತಿಡಿ. ಹೋದ್ರೂ ಅದನ್ನ ನಾನು ಬಿಚ್ಚಲ್ಲ, ಗೇರ್‌ಬಾಕ್ಸ್ ಮಾತ್ರ ಮಾಡೋರ ಹತ್ರ ಕಳಿಸ್ತೀನಿ’ ಅಂದ್ರು. ನನಗೆ ಬರಲ್ಲ ಅನ್ನೋ ಮಾತನ್ನ ಗ್ಯಾರೇಜಲ್ಲಿ ನಾನು ಕೇಳಿದ್ದು ಅದೇ ಮೊದಲು.

ನಂಬಿಕೆ ಬಂದಿದ್ದು ನಾಲ್ಕು ತಿಂಗಳಾದ ಮೇಲೆ. ಅದೂ ಅವರು ತಪ್ಪು ಮಾಡಿದಾಗ.

ಹಂಪ್ ಹತ್ತಿ ಇಳಿದಾಗಲೆಲ್ಲ ಮುಂದೆ ಎಡಗಡೆ ಟಕ್ ಟಕ್ ಸದ್ದು. ಒಂದು ಸಲ ಅಲ್ಲಾಡಿಸಿ ನೋಡಿ ‘ಲಿಂಕ್ ರಾಡ್’ ಅಂದ್ರು. ಜೋಡಿಗೆ 2,800 ಕೊಟ್ಟು ಹಾಕ್ಸಿದೆ. ಎರಡನೇ ದಿನಕ್ಕೆ ಅದೇ ಟಕ್ ಟಕ್. ಸಿಟ್ಟು ಬಂತು, ಎಲ್ಲರೂ ಇಷ್ಟೇ ಅಂದ್ಕೊಂಡು ಹೋದೆ. ಈ ಸಲ ಲಿಫ್ಟ್ ಮೇಲೆ ಏರಿಸಿ, ಒಬ್ಬ ಹುಡುಗನ ಕೈಲಿ ಸ್ಟಿಯರಿಂಗ್ ತಿರುಗಿಸಿ, ಸ್ಪ್ರಿಂಗ್ ಮೇಲೆ ಕೈ ಇಟ್ಟು ನೋಡಿದ್ರು. ಹೊರಗೆ ಬಂದು ಕೈ ಒರೆಸ್ಕೊಳ್ತಾ, ‘ನಂದೇ ತಪ್ಪು ಮೇಡಂ. ಅದು ಮೇಲಿನ ಸ್ಟ್ರಟ್ ಮೌಂಟ್. ಅವತ್ತು ಅವಸರ ಮಾಡಿದೆ’ ಅಂದ್ರು. ಹಳೇ ಲಿಂಕ್ ರಾಡ್ ಎಸೆದಿರ್ಲಿಲ್ಲ, ಡಿಕ್ಕೀಲೇ ಇಟ್ಟಿದ್ರು. ಅದನ್ನೇ ವಾಪಸ್ ಹಾಕಿ 2,800 ಕೈಗೆ ಕೊಟ್ರು. ಮೌಂಟ್‌ಗೆ ಪಾರ್ಟ್ ರೇಟ್ ಮಾತ್ರ, ಕೂಲಿ ಇಲ್ಲ.

ತೆಗೆದ ಪಾರ್ಟನ್ನ ನಿಮಗೆ ವಾಪಸ್ ಕೊಡ್ತಾರಾ ಅನ್ನೋದನ್ನ ಅವತ್ತಿಂದ ನಾನು ಎಲ್ಲರಿಗೂ ಹೇಳ್ತೀನಿ. ಕೆಟ್ಟ ಪಾರ್ಟ್ ಕೈಲಿ ಇದ್ರೆ ಕೇಳೋಕೆ ನಿಮಗೆ ಬಾಯಿ ಇರುತ್ತೆ.

ಹಾಗಾದ್ರೆ ನೀವು ಹೇಗೆ ಹುಡುಕೋದು? ಕಾರ್ ಕೆಟ್ಟು ನಿಂತ ದಿನ ಹುಡುಕಬೇಡಿ. ನಾನು ಮಾಡಿದ ದೊಡ್ಡ ತಪ್ಪು ಅದೇ. ಚೆನ್ನಾಗಿ ಓಡ್ತಿರುವಾಗಲೇ ಒಂದು ಸಣ್ಣ ಕೆಲಸ ಕೊಟ್ಟು ನೋಡಿ, ಆಯಿಲ್ ಚೇಂಜ್ ಸಾಕು. ಯಾವ ಆಯಿಲ್ ಹಾಕ್ತೀರಾ ಅಂತ ಕೇಳಿ. ಕಾರಿನ ಬುಕ್‌ಲೆಟ್‌ನಲ್ಲಿ 502 00 ಅನ್ನೋ ಥರ ಒಂದು ನಂಬರ್ ಇರುತ್ತೆ, ಅದು ಆ ಕಂಪನಿ ಪೆಟ್ರೋಲ್ ಎಂಜಿನ್‌ಗೆ ಒಪ್ಪಿರೋ ಆಯಿಲ್‌ನ ಗುರುತು. ಡಬ್ಬದ ಹಿಂದೆಯೂ ಅದೇ ನಂಬರ್ ಇರಬೇಕು. ‘ಎಲ್ಲಾ ಒಂದೇ ಆಯಿಲ್ಲು’ ಅನ್ನೋರಿಂದ ನಮಸ್ಕಾರ ಹೇಳಿ ಎದ್ದು ಬನ್ನಿ.

ಪಾರ್ಟ್ ವಿಷಯದಲ್ಲೂ ಕಂಪನಿ ಡಬ್ಬಾನೇ ಬೇಕು ಅಂತ ಹಠ ಬೇಡ. ನನ್ನ ಗೇರ್‌ಬಾಕ್ಸ್‌ನ ಕ್ಲಚ್ ಮಾಡೋದು ಲುಕ್ ಅನ್ನೋ ಜರ್ಮನ್ ಕಂಪನಿ. ಅದೇ ಕ್ಲಚ್ ಲುಕ್ ಡಬ್ಬದಲ್ಲೂ ಬರುತ್ತೆ. ಈ ವ್ಯತ್ಯಾಸ ಕೂತು ವಿವರಿಸೋ ಮೆಕ್ಯಾನಿಕ್ ಸಿಕ್ಕರೆ ಬಿಡಬೇಡಿ. ಡೂಪ್ಲಿಕೇಟ್ ಮಾತ್ರ ಬೇಡವೇ ಬೇಡ.

ಹೊರಗಿನ ಗ್ಯಾರೇಜಿಗೆ ಪಾರ್ಟು, ಸ್ಕ್ಯಾನರ್ ಸಿಗೋದೇ ಯಾಕೆ ಕಷ್ಟ ಅಂತಾನೂ ಕೇಳಿದ್ರಿ. ಇದು ದೊಡ್ಡ ಜಗಳ. 2014ರ ಆಗಸ್ಟ್‌ನಲ್ಲಿ ಕಾಂಪಿಟಿಷನ್ ಕಮಿಷನ್ ಇದೇ ಕಾರಣಕ್ಕೆ ಜರ್ಮನ್, ಜಪಾನಿ, ನಮ್ಮ ದೇಶದ್ದೂ ಸೇರಿ 14 ಕಾರ್ ಕಂಪನಿಗಳಿಗೆ 2,544 ಕೋಟಿಗೂ ಜಾಸ್ತಿ ದಂಡ ಹಾಕ್ತು. ಕಂಪನಿಗಳು ಮೇಲ್ಮನವಿಗೆ ಹೋದವು. ಅದರ ಮೇಲೇ ಇನ್ನೊಂದು ಎಪಿಸೋಡ್ ಮಾಡೋಣ.

ಅಮ್ಮನ ಎರಡನೇ ಮಂಡಿ ಆಪರೇಷನ್ ಜೂನ್‌ನಲ್ಲಿ ಆಯ್ತು. ಡಿಸ್ಚಾರ್ಜ್ ದಿನ ಅದೇ ಪೋಲೊದಲ್ಲಿ, ಮುಂದಿನ ಸೀಟ್ ಪೂರ್ತಿ ಹಿಂದಕ್ಕೆ ತಳ್ಳಿ ಕರ್ಕೊಂಡು ಬಂದೆ. ದಾರೀಲಿ ಶೆಡ್ ಹತ್ರ ಎರಡು ನಿಮಿಷ ನಿಲ್ಲಿಸಿದೆ. ಅಮ್ಮ ಕಿಟಕಿ ಇಳಿಸಿ, ‘ಏನಪ್ಪಾ, ನಮ್ಮ ಗಾಡಿ ಇನ್ನೆಷ್ಟು ವರ್ಷ ಓಡುತ್ತೆ?’ ಅಂತ ಕೇಳಿದ್ರು. ಅವರು ಬಗ್ಗಿ ಮುಂದಿನ ಟೈರ್ ನೋಡಿದ್ರು. ‘ಅದು ಗೊತ್ತಿಲ್ಲಮ್ಮಾ. ಈ ಟೈರ್ ಮಾತ್ರ ಮಳೆಗಾಲ ದಾಟಲ್ಲ’ ಅಂದ್ರು.

ಶನಿವಾರ ಟೈರ್ ಹಾಕ್ಸೋಕೆ ಹೋಗ್ತಿದ್ದೀನಿ. ನಿಮ್ಮೂರಲ್ಲಿ ಇಂಥವರು ಯಾರಾದ್ರೂ ಇದ್ರೆ ವಾಯ್ಸ್ ನೋಟ್ ಕಳಿಸಿ. ಹುಬ್ಬಳ್ಳಿ, ಮಂಗಳೂರು, ಕಲಬುರಗಿ ಕಡೆಯವರು ಮುಖ್ಯವಾಗಿ, ಅಲ್ಲಿಂದ ತುಂಬಾ ಜನ ಕೇಳ್ತಿದ್ದಾರೆ. ಸಿಗೋಣ.