ಸ್ವಂತ ಮನೆ ಇದ್ದವನಿಗೂ ಜಕಾತ್ ಸಲ್ಲಬಹುದು
(ಕಣಗಲಾದಲ್ಲಿ ಮಾಡಿದ ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಅವನ ಪ್ರವಾದಿ ಮುಹಮ್ಮದ್ (ಸ) ಅವರ ಮೇಲೂ ಅವರ ಕುಟುಂಬದವರ, ಸಂಗಾತಿಗಳ ಮೇಲೂ ಶಾಂತಿ ಇರಲಿ.



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಈಗ ಅದರ ಜೊತೆ ಇನ್ನೊಂದು ಮಾತು ಸೇರಿಸಬೇಕಾಗಿದೆ: ಕಟ್ಟಿದ ಮನೆಯ ಕಂತು ಕಟ್ಟಿ ನೋಡು. ದುಡಿಯುವ ಕೈ ಗಟ್ಟಿ ಇರುವವರೆಗೆ ಕಂತು ಹೇಗೋ ಸಾಗುತ್ತದೆ. ಕಾಲು ಮುರಿದರೆ, ಕೆಲಸ ಹೋದರೆ, ಅಂಗಡಿ ಮುಚ್ಚಿದರೆ ಆದಾಯ ಅಂದೇ ನಿಲ್ಲುತ್ತದೆ, ಕಂತು ನಿಲ್ಲುವುದಿಲ್ಲ.

ಇವತ್ತು ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳುತ್ತೇನೆ. ನಾನು ಈ ಊರಿಗೆ ಬರುವ ಮುಂಚೆ ಬೇರೊಂದು ಊರಿನಲ್ಲಿ ಇಮಾಮನಾಗಿದ್ದೆ. ಅಲ್ಲಿ ಒಬ್ಬ ಡ್ರೈವರ್ ಸಹೋದರನಿದ್ದ. ಸಾಲ ಮಾಡಿ ಎರಡು ಖೋಲಿಯ ಸ್ಲ್ಯಾಬ್ ಮನೆ ಕಟ್ಟಿಸಿದ್ದ. ಅಪಘಾತದಲ್ಲಿ ಕಾಲು ಮುರಿದು ತಿಂಗಳುಗಟ್ಟಲೆ ಮನೆಯಲ್ಲಿ ಬಿದ್ದ. ರಮಜಾನಿನಲ್ಲಿ ಜಕಾತ್ ಹಂಚುವ ಪಟ್ಟಿ ಮಾಡುವಾಗ ಅವನ ಹೆಸರು ಬಂತು. ಒಬ್ಬರು, "ಅವಂದೇನ್ರಿ, ಸ್ಲ್ಯಾಬಿನ ಮನಿ ಐತಿ, ಪತ್ರಾಸಿನ ಮನ್ಯಾಗ ಇರೋರನ್ನ ನೋಡ್ರಿ" ಎಂದರು. ಎಲ್ಲರೂ ತಲೆ ಆಡಿಸಿದರು. ನಾನೂ ಆಡಿಸಿದೆ. ಪೆನ್ನು ನನ್ನ ಕೈಯಲ್ಲಿತ್ತು, ಹೆಸರು ಹೊಡೆದು ಹಾಕಿದವನು ನಾನೇ.

ಈದ್ ಕಳೆದ ಮೇಲೆ ಅವನ ಬಾಗಿಲಿಗೆ ನೋಟಿಸ್ ಅಂಟಿಸಿದರು. ಅವನು ಮೊದಲು ಮುಂದಿನ ಸಫ್‌ನಿಂದ ಹಿಂದಿನ ಸಫ್‌ಗೆ ಸರಿದ, ಆಮೇಲೆ ಜುಮಾಕ್ಕೂ ಬರಲಿಲ್ಲ. ನಾನು ಹುಡುಕಿಕೊಂಡು ಹೋದಾಗ, "ಹಜರತ್, ನಮಾಜಿನ ಮ್ಯಾಲೆ ಸಿಟ್ಟಿಲ್ರಿ, ಮಂದಿ ಮುಖ ನೋಡಾಕ ನಾಚಿಕಿ ಆಗತೈತಿ" ಎಂದ. ಕೊನೆಗೆ ಮನೆಯನ್ನು ಸಿಕ್ಕ ಬೆಲೆಗೆ ಮಾರಿ ಬೇರೆ ಊರಿಗೆ ಬಾಡಿಗೆಗೆ ಹೋದ. ಅವನ ಮಗ ನನ್ನ ಹತ್ತಿರ ಕಾಯಿದಾ ಓದುತ್ತಿದ್ದ. ಆ ಹುಡುಗ ಕೂರುತ್ತಿದ್ದ ಜಾಗ ನನಗೆ ಇನ್ನೂ ನೆನಪಿದೆ. ಅಂದು ಬೇಕಾಗಿದ್ದದ್ದು ನಾಲ್ಕೈದು ತಿಂಗಳ ಕಂತು ಅಷ್ಟೇ.

ಸಹೋದರರೇ, ನಮ್ಮ ತಪ್ಪು ಎಲ್ಲಿತ್ತು? ಮನೆ ನೋಡಿದೆವು, ಸಾಲ ನೋಡಲಿಲ್ಲ. ಸೂರಾ ತೌಬಾದ 60ನೇ ಆಯತ್‌ನಲ್ಲಿ ಅಲ್ಲಾಹನು ಜಕಾತ್‌ಗೆ ಹಕ್ಕುದಾರರಾದ ಎಂಟು ವರ್ಗಗಳನ್ನು ಹೇಳಿದ್ದಾನೆ. ಫಕೀರರೂ ಮಿಸ್ಕೀನರೂ ನಮಗೆ ನೆನಪಿರುತ್ತಾರೆ. ಅದೇ ಆಯತ್‌ನಲ್ಲಿ ಸಾಲದಲ್ಲಿ ಸಿಕ್ಕಿಬಿದ್ದವರು, ಅಂದರೆ ಗಾರಿಮೀನ್, ಇದ್ದಾರೆ. ಅವರನ್ನು ನಾವು ಮರೆಯುತ್ತೇವೆ.

ನಮ್ಮ ಹನಫಿ ಫಿಕ್ಹ್ ಇದರಲ್ಲಿ ಸ್ಪಷ್ಟವಾಗಿದೆ. ಒಬ್ಬನು ವಾಸಿಸುವ ಮನೆ, ಉಡುವ ಬಟ್ಟೆ, ಅಡುಗೆಯ ಪಾತ್ರೆ, ದುಡಿಮೆಯ ಉಪಕರಣ ಇವೆಲ್ಲ ಮೂಲ ಅಗತ್ಯಗಳು. ಇವುಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇವುಗಳನ್ನು ಬಿಟ್ಟು, ಈಗ ತೀರಿಸಬೇಕಾದ ಬಾಕಿಯನ್ನೂ ಕಳೆದ ಮೇಲೆ ಅವನ ಕೈಯಲ್ಲಿ ನಿಸಾಬ್‌ನಷ್ಟು, ಅಂದರೆ ಐವತ್ತೆರಡೂವರೆ ತೊಲ (ಸುಮಾರು 612 ಗ್ರಾಂ) ಬೆಳ್ಳಿಯ ಬೆಲೆಯಷ್ಟು ಉಳಿಯದಿದ್ದರೆ ಅವನು ಜಕಾತ್ ಪಡೆಯಬಹುದು. ಹೆಂಡತಿಯ ಒಡವೆ ಹೆಂಡತಿಯ ಸ್ವತ್ತು, ಅದನ್ನು ಗಂಡನ ಲೆಕ್ಕಕ್ಕೆ ಸೇರಿಸಬೇಡಿ. ಸ್ವಂತ ಅಣ್ಣ, ತಮ್ಮ, ಅಕ್ಕ, ತಂಗಿ ಅರ್ಹರಾಗಿದ್ದರೆ ಅವರಿಗೂ ಜಕಾತ್ ಕೊಡಬಹುದು, ತಂದೆತಾಯಿಗೆ ಮತ್ತು ಮಕ್ಕಳಿಗೆ ಕೊಡುವಂತಿಲ್ಲ. ಸಯ್ಯದ್ ಮನೆತನದವರಿಗೆ ಜಕಾತ್ ಅಲ್ಲದೆ ಲಿಲ್ಲಾಹ್ ಹಣದಿಂದ ನೆರವಾಗಬೇಕು.

ಇದು ನಾನು ಹೊಸದಾಗಿ ಹೇಳುತ್ತಿರುವ ಮಾತಲ್ಲ. ಸಹೀಹ್ ಮುಸ್ಲಿಮ್‌ನಲ್ಲಿ ಅಬೂ ಸಈದ್ ಖುದ್ರೀ (ರ) ವರದಿ ಮಾಡಿದ ಪ್ರಸಂಗವಿದೆ. ಪ್ರವಾದಿಯವರ (ಸ) ಕಾಲದಲ್ಲಿ ಒಬ್ಬರು ಹಣ್ಣಿನ ಫಸಲು ಕೊಂಡಿದ್ದರು. ಫಸಲು ಕೆಟ್ಟಿತು, ಸಾಲ ಏರಿತು. ಪ್ರವಾದಿಯವರು (ಸ) ಅವರಿಗೆ ದಾನ ಮಾಡುವಂತೆ ಜನರಿಗೆ ಹೇಳಿದರು. ಜನ ಕೊಟ್ಟರು, ಆದರೂ ಸಾಲ ಪೂರ್ತಿ ತೀರಲಿಲ್ಲ. ಆಗ ಸಾಲ ಕೊಟ್ಟವರಿಗೆ, ಸಿಕ್ಕಷ್ಟು ತೆಗೆದುಕೊಳ್ಳಿ, ಅದಕ್ಕಿಂತ ಹೆಚ್ಚು ನಿಮಗಿಲ್ಲ ಎಂದರು. ನೋಡಿ, ಆ ಸಂಕಟದ ಭಾರವನ್ನು ಊರೂ ಹೊತ್ತಿತು, ಸಾಲ ಕೊಟ್ಟವನೂ ಹೊತ್ತನು. ಬಿದ್ದವನೊಬ್ಬನ ಬೆನ್ನ ಮೇಲೇ ಎಲ್ಲವನ್ನೂ ಹೇರಲಿಲ್ಲ.

ಕಬೀಸಾ ಬಿನ್ ಮುಖಾರಿಕ್ (ರ) ಅವರ ಹದೀಸ್ ಕೂಡ ಮುಸ್ಲಿಮ್‌ನಲ್ಲೇ ಇದೆ. ಕೈಚಾಚುವುದು ಯಾರಿಗೆ ಸಲ್ಲುತ್ತದೆ ಎಂದು ಪ್ರವಾದಿಯವರು (ಸ) ಅದರಲ್ಲಿ ತಿಳಿಸಿದ್ದಾರೆ. ವಿಪತ್ತಿನಿಂದ ಸಂಪತ್ತು ಹಾಳಾದವನು ಮತ್ತೆ ಬದುಕಿಗೆ ನೆಲೆ ಸಿಗುವವರೆಗೆ ಕೇಳಬಹುದು. ಆದ್ದರಿಂದ ಕಷ್ಟದಲ್ಲಿರುವ ನನ್ನ ಸಹೋದರನೇ, ನಿನಗೆ ಶರೀಅತ್ ಕೊಟ್ಟ ಅನುಮತಿಯನ್ನು ನಾಚಿಕೆಯಿಂದ ಕಳೆದುಕೊಳ್ಳಬೇಡ.

2019ರ ಆಗಸ್ಟ್ ನೆನಪಿಸಿಕೊಳ್ಳಿ. ಹಿರಣ್ಯಕೇಶಿ, ಘಟಪ್ರಭಾ ಉಕ್ಕಿ ಬಂದು ಸಂಕೇಶ್ವರ, ಗೋಕಾಕದ ಮನೆಗಳಿಗೆ ನೀರು ನುಗ್ಗಿತು. ಜಾತಿ ಧರ್ಮ ನೋಡದೆ ಜನ ರೊಟ್ಟಿ, ಅಕ್ಕಿ, ಹೊದಿಕೆ ತಂದರು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ನೀರು ಮನೆ ತೆಗೆದುಕೊಂಡಾಗ ಎಲ್ಲರಿಗೂ ಕಾಣುತ್ತದೆ. ಕಂತು ಮನೆ ತೆಗೆದುಕೊಳ್ಳುವಾಗ ಪಕ್ಕದ ಮನೆಗೂ ಗೊತ್ತಾಗುವುದಿಲ್ಲ. 2025ರ ಜನವರಿಯಲ್ಲಿ ನಮ್ಮ ಬೆಳಗಾವಿ ಜಿಲ್ಲೆಯಲ್ಲೇ ಸಾಲ ಕಟ್ಟಲಾಗದ ಮನೆಗೆ ಬೀಗ ಬಿದ್ದು, ಬಾಣಂತಿ ಹಸುಗೂಸಿನೊಂದಿಗೆ ಹೊರಗೆ ಕೂತ ಸುದ್ದಿಯನ್ನು ನೀವೂ ಓದಿದ್ದೀರಿ.

ಕೊರೊನಾ ಬಂದಾಗ ರಿಸರ್ವ್ ಬ್ಯಾಂಕ್ 2020ರ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಕಂತು ಮುಂದೂಡಲು ಅವಕಾಶ ಕೊಟ್ಟಿತು. ಆದರೆ ಆ ಆರು ತಿಂಗಳ ಬಡ್ಡಿ ಬೆಳೆಯುತ್ತಲೇ ಇತ್ತು. ಬಡ್ಡಿಯ ಮೇಲೆ ಬಡ್ಡಿ ಹಾಕಬಾರದೆಂದು 2021ರ ಮಾರ್ಚ್ 23ರಂದು ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಅಮೆರಿಕದಲ್ಲಿ ಅದೇ 2021ರಲ್ಲಿ ದುಡಿಮೆ ಕಳೆದುಕೊಂಡ ಮನೆಮಾಲೀಕರ ಬಾಕಿ ಕಂತಿಗೆ ನೆರವಾಗಲು ಸರ್ಕಾರ ಸುಮಾರು 1,000 ಕೋಟಿ ಡಾಲರ್ ನಿಧಿ ಇಟ್ಟಿತು. ಸೂರಾ ಬಕರಾದ 280ನೇ ಆಯತ್ ಇವೆರಡನ್ನೂ ಕಲಿಸುತ್ತದೆ: ಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವವರೆಗೆ ಸಮಯ ಕೊಡಬೇಕು, ದಾನವಾಗಿ ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದು. ನಮ್ಮ ಬೈತುಲ್‌ಮಾಲ್‌ನಲ್ಲಿ ಕೋಟಿಗಳಿಲ್ಲ. ಕಂತು 8,000 ಎಂದು ಇಟ್ಟುಕೊಳ್ಳಿ, ಮೂರು ತಿಂಗಳಿಗೆ 24,000. ನೂರಿಪ್ಪತ್ತು ಮನೆಗಳು ತಲಾ 200 ರೂಪಾಯಿ ತೆಗೆದರೆ ಒಂದು ಮನೆ ಉಳಿಯುತ್ತದೆ.

"ಹಜರತ್, ಅವನು ಬಡ್ಡಿ ಸಾಲ ತಗೊಂಡಾನ, ನಾವ್ಯಾಕ ಕೊಡಬೇಕು?" ಎಂದು ಕೇಳುವವರಿದ್ದಾರೆ. ಬಡ್ಡಿ ಹರಾಮ್. ಇದರಲ್ಲಿ ಎರಡು ಮಾತಿಲ್ಲ. ಇನ್ನೂ ಸಾಲ ಮಾಡದವರು ಮಾಡಬೇಡಿ, ಖೋಲಿ ಒಂದು ಕಡಿಮೆಯಾದರೂ ಸರಿ. ಆದರೆ ಬಾವಿಗೆ ಬಿದ್ದವನಿಗೆ ದಂಡೆಯ ಮೇಲೆ ನಿಂತು ಪಾಠ ಹೇಳಬೇಡಿ. ಮೊದಲು ಹಗ್ಗ ಇಳಿಸಿ. ಮೇಲೆ ಬಂದ ಮೇಲೆ ತೌಬಾದ ಮಾತು ಹೇಳೋಣ. ಬಡ್ಡಿ ಇಲ್ಲದ ಸಾಲವನ್ನು ನಾವು ಕೊಡದಿದ್ದಾಗ ಅವನು ಅಲ್ಲಿಗೆ ಹೋದ ಎಂಬುದೂ ನೆನಪಿರಲಿ.

ಇನ್ನು ಕೆಲವು ಕೆಲಸದ ಮಾತು. ಬ್ಯಾಂಕು ಮತ್ತು ಗೃಹಸಾಲದ ಕಂಪನಿಗಳು ಬಳಸುವ 2002ರ ಸರ್ಫೇಸಿ ಕಾಯ್ದೆಯಲ್ಲಿ ಮನೆ ಒಂದೇ ದಿನಕ್ಕೆ ಹೋಗುವುದಿಲ್ಲ. ಬಾಕಿ 90 ದಿನ ದಾಟಿ ಖಾತೆ ಕೆಟ್ಟ ಸಾಲವಾದ ಮೇಲೆ 60 ದಿನಗಳ ನೋಟಿಸ್ ಕೊಡಬೇಕು. ಅದಕ್ಕೆ ನೀವು ಬರವಣಿಗೆಯಲ್ಲಿ ಆಕ್ಷೇಪ ಕೊಟ್ಟರೆ 15 ದಿನಗಳಲ್ಲಿ ಉತ್ತರ ಕೊಡಬೇಕು. ಮನೆ ವಶಕ್ಕೆ ಪಡೆದರೆ 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ವಸೂಲಿಯವರು ಬೆಳಿಗ್ಗೆ 8ಕ್ಕಿಂತ ಮುಂಚೆ, ಸಂಜೆ 7ರ ನಂತರ ಫೋನ್ ಮಾಡಬಾರದು ಎಂದು 2022ರಲ್ಲಿ ರಿಸರ್ವ್ ಬ್ಯಾಂಕ್ ಹೇಳಿದೆ. ಸೊಸೈಟಿ, ಕೈಸಾಲಗಳ ನಿಯಮ ಬೇರೆ. ಆದ್ದರಿಂದ ಬಂದ ಕಾಗದವನ್ನು ಟ್ರಂಕಿನಲ್ಲಿ ಮುಚ್ಚಿಡಬೇಡಿ, ಓದಿಸಿಕೊಳ್ಳಿ. ಕಾನೂನು ಸೇವಾ ಪ್ರಾಧಿಕಾರದ 15100 ಸಂಖ್ಯೆಗೆ ಫೋನ್ ಮಾಡಿದರೆ ಉಚಿತ ಕಾನೂನು ನೆರವಿನ ದಾರಿ ತಿಳಿಯುತ್ತದೆ. ಎಲ್ಲಕ್ಕಿಂತ ಮೊದಲು, ಒಂದು ಕಂತು ತಪ್ಪಿದ ಕೂಡಲೇ ಸಾಲ ಕೊಟ್ಟವರ ಹತ್ತಿರ ಹೋಗಿ, ಕಂತು ಇಳಿಸಿ ಅವಧಿ ಹೆಚ್ಚಿಸಲು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಜಕಾತ್ ಕೊಡುವವರಿಗೆ ಎರಡು ಮಾತು. ಒಂದು, ರಮಜಾನಿಗಾಗಿ ಕಾಯಬೇಡಿ. ನಿಸಾಬ್ ಉಳ್ಳವನು ವರ್ಷ ತುಂಬುವ ಮೊದಲೇ ಜಕಾತ್ ಕೊಟ್ಟರೂ ಸಲ್ಲುತ್ತದೆ. ನೋಟಿಸ್ ರಮಜಾನಿಗಾಗಿ ಕಾಯುವುದಿಲ್ಲ. ಎರಡು, ಜಕಾತ್‌ನಲ್ಲಿ ತಮ್ಲೀಕ್ ಬೇಕು, ಹಣ ಅವನ ಒಡೆತನಕ್ಕೆ ಹೋಗಬೇಕು. ಅವನ ಕೈಗೆ ಕೊಡಿ, ಇಲ್ಲವೆ ಅವನು ಹೇಳಿದ ಮೇಲೆ ಅವನ ಪರವಾಗಿ ಕಟ್ಟಿ. ಅವನನ್ನು ಕೇಳದೆ ಬ್ಯಾಂಕಿಗೆ ಕಟ್ಟಿದರೆ ಜಕಾತ್ ಪೂರೈಸುವುದಿಲ್ಲ. ಫೋಟೋ ಬೇಡ, ಮೈಕಿನಲ್ಲಿ ಹೆಸರು ಬೇಡ.

ಜಮಾತಿನವರಲ್ಲಿ ನನ್ನ ವಿನಂತಿ ಇದು. ಇನ್ನು ಮುಂದೆ ಪಟ್ಟಿ ಮಾಡುವಾಗ ಮನೆಯ ಮಾಳಿಗೆ ನೋಡಬೇಡಿ, ಈ ತಿಂಗಳು ದುಡಿಮೆ ಇದೆಯೇ, ಬಾಕಿ ಎಷ್ಟಿದೆ ಎಂದು ಕೇಳಿ. ನಂಬಿಕಸ್ಥರಾದ ಮೂವರು ಹೋಗಿ ವಿಚಾರಿಸಲಿ, ಕೇಳಿದ್ದು ಆ ಮೂವರಲ್ಲೇ ಉಳಿಯಲಿ. ಒಬ್ಬ ಸಹೋದರ ಹಿಂದಿನ ಸಫ್‌ಗೆ ಸರಿದಿದ್ದರೆ ಯಾಕೆಂದು ವಿಚಾರಿಸಿ. ನಾನು ಅಂದು ತಡವಾಗಿ ಹೋದೆ, ನೀವು ಬೇಗ ಹೋಗಿ.

ಯಾ ಅಲ್ಲಾಹ್, ಸಾಲದ ಭಾರದಿಂದಲೂ ಜನರ ಮುಂದೆ ತಲೆ ತಗ್ಗಿಸುವ ಸ್ಥಿತಿಯಿಂದಲೂ ನಮ್ಮನ್ನು ಕಾಪಾಡು. ಹಲಾಲ್ ದುಡಿಮೆಯಲ್ಲಿ ಬರಕತ್ ಕೊಡು. ಕೊಡುವ ಕೈಗೆ ವಿನಯ ಕೊಡು, ಪಡೆಯುವ ಕೈಗೆ ಮಾನ ಉಳಿಸು. ಯಾವ ಮಗುವೂ ಮನೆ ಕಳೆದುಕೊಂಡು ಊರು ಬಿಡದಂತೆ ನಮ್ಮ ಕಣ್ಣು ತೆರೆಸು. ಆಮೀನ್.