ಅಂಗಡಿಯವರ ಹಕ್ಕು ನಮ್ಮ ಮೇಲಿದೆ
(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದ ಮೇಲೆ ಮತ್ತು ಅನುಚರರ ಮೇಲೆ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ.



ಜುಮಾದ ಕರೆ ಬಂದಾಗ ವ್ಯಾಪಾರ ಬಿಟ್ಟು ಬರಬೇಕೆಂದು ಪವಿತ್ರ ಕುರ್‌ಆನಿನ ಅಲ್ ಜುಮುಆ ಅಧ್ಯಾಯ ಆಜ್ಞಾಪಿಸುತ್ತದೆ. ಅದರ ಮರು ವಚನವೇ, ನಮಾಝ್ ಮುಗಿದ ಮೇಲೆ ಭೂಮಿಯಲ್ಲಿ ಚದುರಿ ಅಲ್ಲಾಹನ ಅನುಗ್ರಹವನ್ನು ಅರಸಲು ಹೇಳುತ್ತದೆ. ಮಸೀದಿಯ ಬಾಗಿಲಿನಿಂದ ಮಾರುಕಟ್ಟೆಗೆ ಹೋಗುವ ದಾರಿಯೂ ದೀನ್‌ನ ಒಳಗೇ ಇದೆ. ಆದ್ದರಿಂದ ಇಂದು ನಮ್ಮ ಪೇಟೆಯ ಬಗ್ಗೆ ಮಾತಾಡೋಣ.

1809ರಲ್ಲಿ ಹಲಸೂರಿನ ಕಡೆ ಬ್ರಿಟಿಷರ ದಂಡು ಬಂದು ನೆಲೆಸಿತು. ಅದರ ಸುತ್ತ ಬೆಳೆದ ಪೇಟೆಯೇ ಇಂದಿನ ಶಿವಾಜಿನಗರ. 1927ರಲ್ಲಿ ಇಲ್ಲಿ ಕಟ್ಟಿದ ರಸೆಲ್ ಮಾರ್ಕೆಟ್ಟನ್ನು 1933ರಲ್ಲಿ ಉದ್ಘಾಟಿಸಿದವರು ವ್ಯಾಪಾರಿ ಇಸ್ಮಾಯಿಲ್ ಸೇಠ್. ಹಾಜಿ ಸರ್ ಇಸ್ಮಾಯಿಲ್ ಸೇಠ್ ಅವರ ಹೆಸರಿನ ಗೋಷಾ ಆಸ್ಪತ್ರೆ ಇಂದಿಗೂ ನಮ್ಮ ತಾಯಂದಿರಿಗೆ, ತಂಗಿಯರಿಗೆ ಆಸರೆಯಾಗಿದೆ. ಪೇಟೆಯಲ್ಲಿ ದುಡಿದದ್ದು ಪೇಟೆಗೇ ಮರಳುವುದೆಂದರೆ ಇದು. ಎಲ್ಲೋ ಕುಳಿತ ಹೂಡಿಕೆದಾರರಿಗೆ ಹೋದ ಲಾಭ ನಮ್ಮ ಬೀದಿಯಲ್ಲಿ ಆಸ್ಪತ್ರೆಯಾಗಿ ನಿಲ್ಲುವುದಿಲ್ಲ.

ಈ ಪೇಟೆ ಬಹಳ ಪೆಟ್ಟು ತಿಂದಿದೆ. 2012ರ ಫೆಬ್ರವರಿಯಲ್ಲಿ ರಸೆಲ್ ಮಾರ್ಕೆಟ್ಟಿಗೆ ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಅಂಗಡಿಗಳು ಸುಟ್ಟವು. 2016ರ ನವೆಂಬರ್‌ನಲ್ಲಿ ನೋಟು ರದ್ದಾಯಿತು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂತು. 2020ರಲ್ಲಿ ಲಾಕ್‌ಡೌನ್‌ನಿಂದ ಶಟರ್‌ಗಳು ಇಳಿದವು. ಮೆಟ್ರೋ ಸುರಂಗಕ್ಕಾಗಿ ನೆಲ ಅಗೆಯಲಾಯಿತು. ಕಂಟೋನ್ಮೆಂಟ್ ಕಡೆಯಿಂದ ಹೊರಟ ‘ಊರ್ಜಾ’ ಯಂತ್ರ 2021ರ ಸೆಪ್ಟೆಂಬರ್‌ನಲ್ಲಿ ಶಿವಾಜಿನಗರದಲ್ಲಿ ಹೊರಬಂತು. ಇಂದಿರಾನಗರದ ಸಿಎಂಎಚ್ ರಸ್ತೆಯ ಅಂಗಡಿಯವರು ಈ ಕಷ್ಟವನ್ನು ನಮಗಿಂತ ಮೊದಲೇ ಕಂಡವರು. ಅಲ್ಲಿ 2011ರ ಅಕ್ಟೋಬರ್‌ನಲ್ಲಿ ರೈಲು ಓಡಿತು. ರಸ್ತೆ ಅಗೆದಷ್ಟು ದಿನ ಗಿರಾಕಿ ಬರುವುದಿಲ್ಲ, ಆದರೆ ಬಾಡಿಗೆ ನಿಲ್ಲುವುದಿಲ್ಲ.

ಬೆಂಕಿಯನ್ನು ತಡೆದುಕೊಂಡ ಪೇಟೆ ಈಗ ಸದ್ದಿಲ್ಲದೆ ಸೊರಗುತ್ತಿದೆ. ಈ ಸಲದ ಕಾರಣ ನಮ್ಮ ಕೈಯಲ್ಲೇ ಇದೆ. ಮೊಬೈಲ್ ಒತ್ತಿದರೆ ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ಮನೆ ಬಾಗಿಲಿಗೆ ಬರುತ್ತದೆ. ಇದು ಹರಾಮ್ ಎಂದು ನಾವು ಹೇಳುತ್ತಿಲ್ಲ. ಕಾಯಿಲೆಯವರಿಗೆ, ವಯಸ್ಸಾದವರಿಗೆ, ಕೂಸು ಕಂಕುಳಲ್ಲಿರುವ ತಾಯಿಗೆ ಅದೊಂದು ಅನುಕೂಲ. ತಂದುಕೊಡುವ ಹುಡುಗನೂ ದುಡಿದು ತಿನ್ನುವವನೇ, ಅವನನ್ನು ಬಾಗಿಲಲ್ಲಿ ಗದರಬೇಡಿ.

ಆದರೆ ಒಂದು ಪ್ರಶ್ನೆಯನ್ನು ನಮ್ಮೊಳಗೇ ಕೇಳಿಕೊಳ್ಳೋಣ. ತಿಂಗಳ ಮೊದಲ ವಾರ, ಕೈಯಲ್ಲಿ ಸಂಬಳವಿರುವಾಗ, ನಾವು ಆ್ಯಪ್‌ನಲ್ಲಿ ಹಣ ಕೊಟ್ಟು ತರಿಸುತ್ತೇವೆ. ಕೊನೆಯ ವಾರ ಕೈ ಬರಿದಾದಾಗ ಬೀದಿಯ ಅಂಗಡಿಗೆ ಹೋಗಿ, “ಭಾಯಿ, ಖಾತೆಯಲ್ಲಿ ಬರೆದುಕೊಳ್ಳಿ” ಎನ್ನುತ್ತೇವೆ. ರೊಕ್ಕವೆಲ್ಲ ಅಲ್ಲಿಗೆ, ಉದ್ರಿ ಮಾತ್ರ ಇಲ್ಲಿಗೆ! ಆ ಉದ್ರಿಯ ಹೊರೆಯಲ್ಲೇ ಎಷ್ಟೋ ಅಂಗಡಿಗಳು ಮುಚ್ಚಿವೆ. ಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ಕೊಡಬೇಕೆಂದು ಅಲ್ ಬಕರ ಅಧ್ಯಾಯ ಸಾಲ ಕೊಟ್ಟವನಿಗೆ ಬೋಧಿಸುತ್ತದೆ. ಆದರೆ ಕೈಯಲ್ಲಿ ಹಣವಿದ್ದೂ ಸಾಲ ತೀರಿಸದೆ ಮುಂದೂಡುವುದು ಅನ್ಯಾಯವೆಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ಮೊದಲನೆಯದನ್ನು ನಾವು ಅಂಗಡಿಯವರಿಗೆ ನೆನಪಿಸುತ್ತೇವೆ, ಎರಡನೆಯದನ್ನು ಮರೆಯುತ್ತೇವೆ.

ಅಂಗಡಿಯ ಸಹೋದರರೇ, ಈಗ ನಿಮ್ಮ ಸರದಿ. ಪ್ರವಾದಿ(ಸ) ಒಮ್ಮೆ ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಒಳಗಿನದು ಒದ್ದೆಯಾಗಿತ್ತು. ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲವೆಂದು ಅವರು ವ್ಯಾಪಾರಿಯನ್ನು ಪ್ರಶ್ನಿಸಿದರು. ಮೋಸ ಮಾಡುವವನಿಗೂ ತಮಗೂ ಸಂಬಂಧವಿಲ್ಲವೆಂದರು. ಮೇಲೆ ಕೆಂಪು ಟೊಮೆಟೊ, ಕೆಳಗೆ ಕೊಳೆತದ್ದು ಇಟ್ಟರೆ ಗಿರಾಕಿ ಒಂದೇ ಸಲ ಬರುತ್ತಾನೆ. ಬುರ್ಖಾ ಕಂಡರೆ ಒಂದು ಬೆಲೆ, ಕಾರು ಕಂಡರೆ ಇನ್ನೊಂದು ಬೆಲೆ ಹೇಳಿದರೆ ಬೆಲೆ ಬರೆದಿರುವ ಮೊಬೈಲೇ ಅವರಿಗೆ ನೆಮ್ಮದಿಯಾಗುತ್ತದೆ. ಸರಕನ್ನು ಫುಟ್‌ಪಾತಿನ ತನಕ ಹರಡಿದರೆ ದಾರಿಯ ಹಕ್ಕನ್ನು ಕಸಿದಂತೆ. ತೂಕ ಸರಿಯಿರಲಿ, ಮಾತು ಮೃದುವಾಗಿರಲಿ. ಮಾರುವಾಗ, ಕೊಳ್ಳುವಾಗ, ಬಾಕಿ ಕೇಳುವಾಗ ಸೌಮ್ಯವಾಗಿರುವವನಿಗಾಗಿ ಪ್ರವಾದಿ(ಸ) ಅಲ್ಲಾಹನ ಕರುಣೆಯನ್ನು ಬೇಡಿದ್ದಾರೆ.

ಲೆಕ್ಕವನ್ನೂ ಬರೆದಿಡಿ. 2025ರ ಜುಲೈಯಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ತೆರಿಗೆ ನೋಟಿಸ್‌ಗಳು ಬಂದಾಗ ಬೆಂಗಳೂರಿನ ಎಷ್ಟೋ ಸಣ್ಣ ಅಂಗಡಿಯವರು ಗಾಬರಿಯಾದರು. ಕೆಲವರು ಕ್ಯೂಆರ್ ಚೀಟಿಯನ್ನೇ ಕಿತ್ತರು. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ತಾಜಾ ತರಕಾರಿ, ಹಣ್ಣಿಗೆ ತೆರಿಗೆಯೇ ಇಲ್ಲ. ಆದರೆ ಯಾವುದನ್ನು ಎಷ್ಟು ಮಾರಿದೆವೆಂದು ತೋರಿಸಲು ಪುಸ್ತಕ ಬೇಕಲ್ಲವೇ? ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಕುರ್‌ಆನ್ ವಿವರವಾಗಿ ಕಲಿಸಿದೆ. ತಳ್ಳುಗಾಡಿಯವರಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಿದೆ. ಅದರಂತೆ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ಮೊದಲು ಒಕ್ಕಲೆಬ್ಬಿಸುವಂತಿಲ್ಲ. ಈ ಹಕ್ಕನ್ನು ತಿಳಿದುಕೊಳ್ಳಿ.

ಮಾರುಕಟ್ಟೆ ಉಳಿಯಬೇಕಾದದ್ದು ಮುಸ್ಲಿಮರ ಅಂಗಡಿಗಳಿಗಾಗಿ ಮಾತ್ರವಲ್ಲ. ಸೊಪ್ಪು ಮಾರುವ ಅಜ್ಜಿ, ಹೂ ಕಟ್ಟುವ ಅಕ್ಕ, ಮೂಟೆ ಹೊರುವ ಅಣ್ಣ ಎಲ್ಲರೂ ಇಲ್ಲೇ ಅನ್ನ ಕಂಡವರು. ಸೆಪ್ಟೆಂಬರ್ 8ರ ಸಂತ ಮೇರಿ ಬೆಸಿಲಿಕಾದ ಹಬ್ಬಕ್ಕೂ, ನಮ್ಮ ರಂಝಾನಿಗೂ ಜನ ಸೇರುವುದು ಇದೇ ಪೇಟೆಯಲ್ಲಿ. ಒಬ್ಬರ ಮುಖ ಒಬ್ಬರು ನೋಡುವ ಜಾಗ ಇಲ್ಲವಾದರೆ ಒಬ್ಬರ ಬಗ್ಗೆ ಒಬ್ಬರು ಕೇಳುವ ಸುಳ್ಳುಗಳಿಗೆ ತಡೆ ಎಲ್ಲಿ?

ಹಿಜ್ರತ್ ಮಾಡಿ ಬರಿಗೈಲಿ ಮದೀನಕ್ಕೆ ಬಂದ ಅಬ್ದುರ್ರಹ್ಮಾನ್ ಬಿನ್ ಔಫ್(ರ)ರಿಗೆ ಸಅದ್ ಬಿನ್ ರಬೀಅ್(ರ) ತಮ್ಮ ಸೊತ್ತಿನ ಅರ್ಧ ಕೊಡಲು ಮುಂದಾದರು. ಅವರು ದುಆ ಮಾಡಿ, ಮಾರುಕಟ್ಟೆಯ ದಾರಿ ಕೇಳಿದರು. ಗಿಣ್ಣು, ತುಪ್ಪದ ವ್ಯಾಪಾರದಿಂದ ಆರಂಭಿಸಿ ತಮ್ಮ ಕಾಲ ಮೇಲೆ ನಿಂತರು. ನಾಳೆ ನಮ್ಮೂರಿಗೆ ಬರಿಗೈಲಿ ಬಂದವನು ದಾರಿ ಕೇಳಿದರೆ ತೋರಿಸಲು ನಮ್ಮಲ್ಲೊಂದು ಮಾರುಕಟ್ಟೆ ಇರಬೇಕು.

ಆದ್ದರಿಂದ ಮೂರು ಕೆಲಸ ಮಾಡೋಣ. ಇಂದು ಸಂಜೆಯೊಳಗೆ ಅಂಗಡಿಯ ಹಳೆಯ ಬಾಕಿಯನ್ನು ತೀರಿಸೋಣ. ಆಗದಿದ್ದರೆ ಹೋಗಿ ದಿನ ಹೇಳಿ ಬರೋಣ. ವಾರಕ್ಕೊಮ್ಮೆಯಾದರೂ ಮಕ್ಕಳ ಕೈ ಹಿಡಿದು ಪೇಟೆಗೆ ಹೋಗಿ ರೊಕ್ಕ ಕೊಟ್ಟು ಕೊಳ್ಳೋಣ. ದಿನಬಡ್ಡಿಗೆ ಸಿಕ್ಕಿ ನರಳುವ ಅಂಗಡಿಯವರಿಗಾಗಿ ಪ್ರತಿ ಜಮಾಅತ್ ಬಡ್ಡಿರಹಿತ ಸಾಲದ ಒಂದು ಸಣ್ಣ ನಿಧಿಯನ್ನು ಆರಂಭಿಸಲಿ.

ಅಲ್ಲಾಹನು ನಮ್ಮ ದುಡಿಮೆಯಲ್ಲಿ ಬರಕತ್ ನೀಡಲಿ. ನಮ್ಮ ತಕ್ಕಡಿಯನ್ನೂ ನಾಲಿಗೆಯನ್ನೂ ನೇರವಾಗಿಡಲಿ. ಇತರರ ಹಕ್ಕನ್ನು ಹೊತ್ತುಕೊಂಡು ಅವನ ಮುಂದೆ ನಿಲ್ಲುವ ಸ್ಥಿತಿಯಿಂದ ನಮ್ಮನ್ನು ಕಾಪಾಡಲಿ. ಆಮೀನ್.