ಹುಳಿ ತುಂಬುವ ಪಾತ್ರೆಗೆ ತುಕ್ಕು ಹಿಡಿಯದಿರಲಿ



ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ದ್ರಾಕ್ಷಿ ಬೆಳೆಯುವವರಿಗೆ ಈ ಅನುಭವ ಇದ್ದೇ ಇದೆ. ಹಣ್ಣು ಚೆನ್ನಾಗಿ ಬಂದ ವರ್ಷವೇ ಬೆಲೆ ಬಿದ್ದುಹೋಗುತ್ತೆ. ಉಳಿದ ಹಣ್ಣನ್ನು ರಸ ಮಾಡಿ ಕಾಯಿಸಿ ಬಾಟಲಿಗೆ ತುಂಬೋಣ ಅಂತ ಮನೆಯವರು ಯೋಚಿಸುತ್ತಾರೆ. ಇನ್ನು ರಾಗಿ ಅಂಬಲಿ, ಮಜ್ಜಿಗೆ, ಹುಣಿಸೆ ರಸ ಇಲ್ಲದ ಮನೆಯೇ ನಮ್ಮಲ್ಲಿಲ್ಲ. ಸ್ತ್ರೀಶಕ್ತಿ ಸಂಘದವರು ನಾಲ್ಕು ಜನ ಸೇರಿ ಇಂಥದನ್ನು 50 ಲೀಟರ್ ಮಾಡಲು ಹೊರಟರೆ ಮನೆಯ ಪಾತ್ರೆ ಸಾಲದು. ದೊಡ್ಡದೊಂದು ಮಾಡಿಸಲೇಬೇಕು. ಅದನ್ನು ಹೇಗೆ ಮಾಡಿಸಬೇಕು, ಹೇಗೆ ಕಾಪಾಡಬೇಕು ಎಂಬುದೇ ಇವತ್ತಿನ ಮಾತು.

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ದ್ರಾಕ್ಷಿ ರಸವನ್ನು ಕಾಯಿಸದೆ ಹಾಗೇ ಬಿಟ್ಟರೆ ಅದು ಹುದುಗಿ ಮದ್ಯವಾಗುತ್ತೆ. ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು 1965ರ ಅಬಕಾರಿ ಕಾಯಿದೆಯ ಪ್ರಕಾರ ಅಪರಾಧ. ನಾನು ಹೇಳುವುದು ರಸ ಕಾಯಿಸುವ, ಅಂಬಲಿ ಹುಳಿಸುವ ಪಾತ್ರೆಯ ವಿಚಾರ.

ಹುಳಿ ಪದಾರ್ಥಕ್ಕೆ ಲೋಹವನ್ನು ತಿನ್ನುವ ಗುಣ ಇದೆ. ಕಬ್ಬಿಣದ ಪಾತ್ರೆಯಲ್ಲಿಟ್ಟ ದ್ರಾಕ್ಷಿ ರಸ ಕಪ್ಪಾಗಿ ಒಗರಾಗುತ್ತೆ. ಹಿತ್ತಾಳೆ ತಾಮ್ರಕ್ಕೆ ಕಿಲುಬು ಹಿಡಿಯುತ್ತೆ. ಅದಕ್ಕೇ ಹಿರಿಯರು ಕಲಾಯಿ ಹಾಕಿಸುತ್ತಿದ್ದರು. ಅಲ್ಯೂಮಿನಿಯಂ ಹುಳಿಗೂ ಸವೆಯುತ್ತೆ, ತೊಳೆಯುವ ಸೋಡಕ್ಕೂ ಸವೆಯುತ್ತೆ. ಸತುವಿನ ಲೇಪದ ಬಕೆಟ್ಟು ನೀರಿಗೆ ಸರಿ, ಹುಳಿಗೆ ಬೇಡ. ಸತು ರಸದಲ್ಲಿ ಬೆರೆತರೆ ಹೊಟ್ಟೆ ತೊಳಸಿ ವಾಂತಿಯಾಗುತ್ತೆ.

ಇನ್ನು ಕಾರ್ಖಾನೆಯ ಹಳೇ ಡ್ರಮ್ಮಿನ ಮಾತು. ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಸುತ್ತ ಇರುವ ಊರುಗಳಲ್ಲಿ ಇವು ಅಗ್ಗಕ್ಕೆ ಸಿಗುತ್ತವೆ. ಒಳಗೆ ಏನಿತ್ತು ಎಂಬುದು ಮಾರುವವನಿಗೂ ಗೊತ್ತಿರುವುದಿಲ್ಲ. ಪ್ಲಾಸ್ಟಿಕ್ ಡ್ರಮ್ಮು ತನ್ನೊಳಗಿದ್ದ ದ್ರಾವಣವನ್ನು ಹೀರಿಕೊಂಡಿರುತ್ತೆ. ಹತ್ತು ಸಲ ತೊಳೆದರೂ ಅದು ಪೂರ್ತಿ ಹೋಗುವುದಿಲ್ಲ. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ಸುತ್ತಮುತ್ತಲೂ ಗಡಿಯಾಚೆಯ ಕೃಷ್ಣಗಿರಿ ಜಿಲ್ಲೆಯಲ್ಲೂ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಅವರನ್ನು ಕೊಂದದ್ದು ಮೆಥನಾಲ್ ಎಂಬ ಕಾರ್ಖಾನೆಯ ದ್ರಾವಣ. ಅದು ಮೊದಲು ಕಣ್ಣು ಕಳೆಯುತ್ತೆ, ಆಮೇಲೆ ಪ್ರಾಣ. ವಾಸನೆಯಿಂದಾಗಲಿ ರುಚಿಯಿಂದಾಗಲಿ ಅದನ್ನು ಗುರುತಿಸಲು ಆಗುವುದಿಲ್ಲ. ಇಂಥ ದ್ರಾವಣಗಳು ಬರುವುದೂ ಡ್ರಮ್ಮುಗಳಲ್ಲೇ. ಹಾಗಾಗಿ ಹಳೇ ಡ್ರಮ್ಮಿನಲ್ಲಿ ಮನುಷ್ಯರು ತಿನ್ನುವುದನ್ನಾಗಲಿ ದನಕರು ಕುಡಿಯುವುದನ್ನಾಗಲಿ ತುಂಬಬೇಡಿ.

ಇನ್ನೊಂದು ಅಪಾಯವೂ ಇದೆ. ತಿನ್ನರ್, ಎಣ್ಣೆ ಇದ್ದ ಕಬ್ಬಿಣದ ಡ್ರಮ್ಮು ಖಾಲಿ ಕಂಡರೂ ಒಳಗೆ ಆವಿ ಉಳಿದಿರುತ್ತೆ. ಅದನ್ನು ಒಲೆ ಮಾಡೋಣ, ತೊಟ್ಟಿ ಮಾಡೋಣ ಅಂತ ಗ್ಯಾಸಿನಿಂದ ಕತ್ತರಿಸಲು ಹೋದರೆ ಬಾಂಬಿನಂತೆ ಸಿಡಿಯುತ್ತೆ. ಬೆಸುಗೆಯ ಕಿಡಿ ಬಿದ್ದರೂ ಸಾಕು.

ಹಾಗಾದರೆ ಯಾವ ಪಾತ್ರೆ ಒಳ್ಳೆಯದು? ಸ್ವಲ್ಪ ಪ್ರಮಾಣಕ್ಕೆ ನಮ್ಮ ಪಿಂಗಾಣಿ ಜಾಡಿಯನ್ನು ಮೀರಿಸಿದ್ದಿಲ್ಲ. ದೊಡ್ಡ ಪ್ರಮಾಣಕ್ಕೆ ಸ್ಟೇನ್‌ಲೆಸ್ ಸ್ಟೀಲು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಎಂಬವರು 1913ರಲ್ಲಿ ಉಕ್ಕಿಗೆ ಕ್ರೋಮಿಯಂ ಬೆರೆಸಿ ತುಕ್ಕು ಹಿಡಿಯದ ಉಕ್ಕನ್ನು ಮಾಡಿ ತೋರಿಸಿದರು. ಆ ಕ್ರೋಮಿಯಂ ಗಾಳಿಯೊಡನೆ ಸೇರಿ ಉಕ್ಕಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಕಟ್ಟುತ್ತೆ. ಪೊರೆ ಇರುವ ತನಕ ತುಕ್ಕಿಲ್ಲ. ಗೀರು ಬಿದ್ದರೂ ಗಾಳಿ ತಗುಲಿದರೆ ಮತ್ತೆ ಕಟ್ಟಿಕೊಳ್ಳುತ್ತೆ. ಆದರೆ ಪೊರೆ ಕಟ್ಟಲು ಮೈ ಶುದ್ಧವಾಗಿರಬೇಕು. ಸ್ಟೀಲಿಗೂ ತುಕ್ಕು ಬಂತಲ್ಲ ಅನ್ನುವವರು ಈ ಪೊರೆ ಎಲ್ಲಿ ಕೆಟ್ಟಿತು ಅಂತ ಹುಡುಕಬೇಕು.

ಮಾಡಿಸುವಾಗ 304 ಎಂಬ ನಂಬರಿನ ತಗಡು ಕೇಳಿ. ಅದರಲ್ಲಿ ನೂರಕ್ಕೆ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್ ಇರುತ್ತೆ. ಅಯಸ್ಕಾಂತ ಹಿಡಿಯದಿದ್ದರೆ 304 ಅಂತ ಕೆಲವರು ಹೇಳುತ್ತಾರೆ. ಅದನ್ನು ನೆಚ್ಚಬೇಡಿ. ಅಗ್ಗದ 202 ನಂಬರಿನ ತಗಡಿಗೂ ಅಯಸ್ಕಾಂತ ಹಿಡಿಯುವುದಿಲ್ಲ. ನಂಬರನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಪೀಣ್ಯದಲ್ಲಿ ಕೈಚಳಕದ ಬೆಸುಗೆಗಾರರಿಗೆ ಕೊರತೆಯಿಲ್ಲ. ಅವರಿಗೆ ನಾಲ್ಕು ಮಾತು ಹೇಳಿ. ಒಂದು, ಬೆಸುಗೆ ಆರ್ಗಾನ್ ಅನಿಲದಲ್ಲಿ ಆಗಲಿ. ಎರಡು, ಒಳಗಿನ ಮೂಲೆ ದುಂಡಗಿರಲಿ, ಬೆಸುಗೆಯ ಗೆರೆ ನುಣುಪಾಗಿರಲಿ. ಸಂದಿನಲ್ಲಿ ನಿಂತ ಹುಳಿಯೇ ತೂತು ಕೊರೆಯುವುದು. ಮೂರು, ತಳ ನಲ್ಲಿಯ ಕಡೆಗೆ ಇಳಿಜಾರಾಗಿರಲಿ, ನಲ್ಲಿ ಬಿಚ್ಚಿ ತೊಳೆಯುವಂತಿರಲಿ. ನಾಲ್ಕು, ಮಾಮೂಲಿ ಕಬ್ಬಿಣ ಉಜ್ಜಿದ ಚಕ್ರದಿಂದ ಈ ಪಾತ್ರೆಯನ್ನು ಉಜ್ಜಬಾರದು. ಕಬ್ಬಿಣದ ಪುಡಿ ಸ್ಟೀಲಿನಲ್ಲಿ ಕೂತರೆ ಅಲ್ಲಿಂದಲೇ ತುಕ್ಕು ಶುರು. ಬೆಸುಗೆಯ ಪಕ್ಕದ ನೀಲಿ, ಕಂದು ಬಣ್ಣವನ್ನೂ ಅವರೇ ತೆಗೆದುಕೊಡಬೇಕು. ಅದಕ್ಕೆ ಹಚ್ಚುವ ಆಮ್ಲದ ಮುಲಾಮು ಬಹಳ ಅಪಾಯದ್ದು, ಮನೆಗೆ ತರಬೇಡಿ.

ಪಾತ್ರೆ ಮನೆಗೆ ಬಂದ ಮೇಲೆ ಸೋಪಿನ ನೀರಿನಿಂದ ಜಿಡ್ಡು ತೊಳೆಯಿರಿ. ಒಂದು ಲೀಟರ್ ಬಿಸಿ ನೀರಿಗೆ 50 ಗ್ರಾಂ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಕರಗಿಸಿ, ಒಳಮೈಗೆಲ್ಲ ತಾಗುವಂತೆ ಅರ್ಧ ಗಂಟೆ ಇಟ್ಟು, ಚೆನ್ನಾಗಿ ತೊಳೆದು ಒಣಗಿಸಿ. ಇದರಿಂದ ಮೇಲೆ ಕೂತ ಕಬ್ಬಿಣ ಕರಗಿ ಪೊರೆ ಗಟ್ಟಿಯಾಗುತ್ತೆ. ಆಮೇಲೆ ಒಳಗೆ ಒಳ್ಳೆ ನೀರು ತುಂಬಿ ಒಂದು ದಿನ ಬಿಡಿ. ಬೆಸುಗೆಯ ಮೇಲೆ ಕಂದು ಚುಕ್ಕೆ ಮೂಡಿದರೆ ಮಾಡಿದವರಿಗೇ ವಾಪಸು ಒಯ್ಯಿರಿ.

ದಿನನಿತ್ಯ ಉಜ್ಜಲು ತೆಂಗಿನ ನಾರು ಸಾಕು, ಕಬ್ಬಿಣದ ಎಳೆಯ ಉಂಡೆ ಬೇಡ. ಉಪ್ಪುನೀರು, ಉಪ್ಪಿನಕಾಯಿ ಈ ಪಾತ್ರೆಯಲ್ಲಿ ದಿನಗಟ್ಟಲೆ ನಿಲ್ಲಬಾರದು; ಅದಕ್ಕೆ ಜಾಡಿಯೇ ಸರಿ. ಬ್ಲೀಚಿಂಗ್ ಪುಡಿಯೂ ಬೇಡ, ಅದು ಸ್ಟೀಲಿನಲ್ಲಿ ಸೂಜಿಮೊನೆಯಂಥ ಗುಳಿ ಮಾಡುತ್ತೆ. ಅದನ್ನು ಹುಳಿಯೊಡನೆ ಬೆರೆಸಿದರಂತೂ ವಿಷಗಾಳಿ ಏಳುತ್ತೆ. ಕೊಳವೆಬಾವಿಯ ಗಡಸು ನೀರಿನಿಂದ ಬಿಳಿ ಹೊಪ್ಪಳೆ ಕಟ್ಟಿದರೆ ನಿಂಬೆ ಉಪ್ಪಿನ ನೀರಿನಿಂದಲೇ ಬಿಡಿಸಿ. ತೊಳೆದ ಪಾತ್ರೆಯನ್ನು ಬೋರಲು ಹಾಕಿ ಮುಚ್ಚಿಬಿಡದೆ ಓರೆಯಾಗಿಟ್ಟು ಗಾಳಿಗೆ ಒಣಗಿಸಿ. ಅಂಬಲಿ ಹುಳಿಯುವಾಗ ಮುಚ್ಚಳ ಬಿಗಿ ಮಾಡಬೇಡಿ, ಒಳಗೆ ಹುಟ್ಟುವ ಗಾಳಿಗೆ ದಾರಿ ಇರಲಿ.

ಪಾತ್ರೆ ಕೂರಿಸುವ ಕಬ್ಬಿಣದ ಸ್ಟ್ಯಾಂಡಿಗೆ ತುಕ್ಕು ತಪ್ಪಿದ್ದಲ್ಲ. ಕೆರೆದು, ಉಜ್ಜಿ, ರೆಡ್ ಆಕ್ಸೈಡ್ ಬಣ್ಣ ಹಚ್ಚಿ, ಒಣಗಿದ ಮೇಲೆ ಎನಾಮಲ್ ಬಳಿಯಿರಿ. ಕಾಲನ್ನು ಒದ್ದೆ ನೆಲದ ಮೇಲಿಡದೆ ಇಟ್ಟಿಗೆಯ ಮೇಲಿಡಿ. ಪಾತ್ರೆಗೂ ಸ್ಟ್ಯಾಂಡಿಗೂ ನಡುವೆ ರಬ್ಬರ್ ಹಾಳೆ ಇರಲಿ.

ಒಟ್ಟಿನಲ್ಲಿ ನೆನಪಿಡಬೇಕಾದ್ದು ಇಷ್ಟು: ಹಳೇ ಡ್ರಮ್ಮು ಬೇಡ, ತಗಡಿನ ನಂಬರು ಬಿಲ್ಲಿನಲ್ಲಿರಲಿ, ಬೆಸುಗೆ ಶುದ್ಧವಾಗಿರಲಿ, ಪಾತ್ರೆ ಸದಾ ಒಣಗಿರಲಿ. ಹೀಗೆ ಮಾಡಿಸಿ, ಹೀಗೆ ನೋಡಿಕೊಂಡ ಪಾತ್ರೆ ಮಕ್ಕಳ ಕಾಲಕ್ಕೂ ಬರುತ್ತೆ, ಅದರಲ್ಲಿ ಮಾಡಿದ್ದನ್ನು ಮಕ್ಕಳಿಗೆ ಧೈರ್ಯವಾಗಿ ಕೊಡಬಹುದು.